ಡೇಟಾ ಸೆಂಟರ್ ತಂಪಾಗಿಸುವ ಎಐ: ಶೇ. 40ರ ಲೆಕ್ಕವನ್ನು ಓದುವ ಬಗೆ

ಗೂಗಲ್‌ನದೇ ಎಐ ಸಂಸ್ಥೆಯಾದ ಡೀಪ್‌ಮೈಂಡ್‌ನ ಎಐ ಗೂಗಲ್‌ನ ಡೇಟಾ ಸೆಂಟರುಗಳ (ಸಾವಿರಾರು ಸರ್ವರ್ ಕಂಪ್ಯೂಟರುಗಳಿರುವ ಕಟ್ಟಡಗಳ) ವಿದ್ಯುತ್ ಬಳಕೆಯನ್ನು ಶೇ. 40ರಷ್ಟು ತಗ್ಗಿಸಿತು ಎಂಬ ಮಾತನ್ನು ನೀವು ಕೇಳಿರಬಹುದು. 2016ರ ಜುಲೈನಲ್ಲಿ ಕಂಪನಿ ಪ್ರಕಟಿಸಿದ್ದು ಬೇರೆ: ಶೇ. 40ರಷ್ಟು ತಗ್ಗಿದ್ದು ತಂಪಾಗಿಸಲು ಬೇಕಾಗುವ ವಿದ್ಯುತ್ತು ಮಾತ್ರ. ಈ ವ್ಯತ್ಯಾಸ ಕೈತಪ್ಪಿದರೆ ಮುಂದಿನದೆಲ್ಲ ತಪ್ಪಾಗಿ ಅರ್ಥವಾಗುತ್ತದೆ. ಹಾಗಾಗಿ ಲೆಕ್ಕದಿಂದಲೇ ಆರಂಭಿಸೋಣ.

ಸರ್ವರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಮತ್ತೆ ವಿದ್ಯುತ್ ಬೇಕು. ಇದನ್ನು ಅಳೆಯಲು 2007ರಲ್ಲಿ ಗ್ರೀನ್ ಗ್ರಿಡ್ ಎಂಬ ಒಕ್ಕೂಟ ಒಂದು ಅನುಪಾತವನ್ನು ಬಳಕೆಗೆ ತಂದಿತು. ಅದೇ ಪಿಯುಇ (ಪವರ್ ಯೂಸೇಜ್ ಎಫೆಕ್ಟಿವ್‌ನೆಸ್):

ಪಿಯುಇ = ಇಡೀ ಕಟ್ಟಡ ಬಳಸುವ ವಿದ್ಯುತ್ ÷ ಕಂಪ್ಯೂಟರ್ ಉಪಕರಣಗಳು ಬಳಸುವ ವಿದ್ಯುತ್

ಪಿಯುಇ 1 ಆದರೆ ಒಂದು ಯೂನಿಟ್ ಕೂಡ ಬೇರೆಡೆ ಹೋಗುತ್ತಿಲ್ಲ ಎಂದರ್ಥ. ಸರ್ವರುಗಳು 10 ಮೆಗಾವ್ಯಾಟ್ ಬಳಸುವ, ಪಿಯುಇ 1.1 ಇರುವ ಕೇಂದ್ರವೊಂದನ್ನು ಊಹಿಸಿಕೊಳ್ಳಿ. ಹೆಚ್ಚುವರಿ ಹೊರೆ 1 ಮೆಗಾವ್ಯಾಟ್. ಅದರಲ್ಲಿ ತಂಪಾಗಿಸುವಿಕೆಯ ಜೊತೆಗೆ ಟ್ರಾನ್ಸ್‌ಫಾರ್ಮರ್, ಯುಪಿಎಸ್‌ಗಳ ನಷ್ಟವೂ ಸೇರಿದೆ. ಆದ್ದರಿಂದಲೇ ಡೀಪ್‌ಮೈಂಡ್‌ನ ಶೇ. 40 ಉಳಿತಾಯ ಒಟ್ಟು ಹೆಚ್ಚುವರಿ ಹೊರೆಯ ಮೇಲೆ ಶೇ. 15 ಆಗಿ ಕಾಣಿಸಿತು. ನಮ್ಮ ಕೇಂದ್ರಕ್ಕೆ ಇದನ್ನು ಅನ್ವಯಿಸಿದರೆ ಉಳಿಯುವುದು 150 ಕಿಲೋವ್ಯಾಟ್. ಇಡೀ ಕಟ್ಟಡದ ಬಳಕೆಯಲ್ಲಿ ಸುಮಾರು ಶೇ. 1.4. ಚಿಕ್ಕದೆಂದು ಕಂಡರೂ ವರ್ಷಕ್ಕೆ 13 ಲಕ್ಷ ಯೂನಿಟ್ ಮೀರುತ್ತದೆ, ಅದೂ ಹೊಸ ಯಂತ್ರವೊಂದನ್ನೂ ಕೊಳ್ಳದೆ. ಪಿಯುಇ 1.6 ಇರುವ ಕೇಂದ್ರದಲ್ಲಿ ಉಳಿತಾಯದ ಅವಕಾಶ ಇನ್ನೂ ದೊಡ್ಡದು. ಆದರೆ ಅಲ್ಲಿ ಎಐಗಿಂತ ಮೊದಲು ಬಿಸಿ ಗಾಳಿ, ತಣ್ಣನೆಯ ಗಾಳಿ ಬೆರೆಯದಂತೆ ತಡೆಗಳನ್ನು ಕಟ್ಟಬೇಕು ಎಂಬುದು ನನ್ನ ಅಭಿಪ್ರಾಯ.

ಈಗ ಮುಖ್ಯ ಪ್ರಶ್ನೆ. ತಂಪಾಗಿಸಲು ಎಐ ಏಕೆ ಬೇಕು? ಥರ್ಮೋಸ್ಟಾಟ್ ಸಾಲದೇ?

ಸಾಲದು, ಏಕೆಂದರೆ ಇಲ್ಲಿ ಒಂದು ಯಂತ್ರದ ಉಳಿತಾಯ ಇನ್ನೊಂದರ ಖರ್ಚಾಗುತ್ತದೆ. ಕೂಲಿಂಗ್ ಟವರ್‌ನ (ನೀರನ್ನು ಗಾಳಿಗೆ ಒಡ್ಡಿ, ಸ್ವಲ್ಪ ಆವಿಯಾಗಿಸಿ ತಣಿಸುವ ಗೋಪುರದ) ಫ್ಯಾನ್ ಜೋರಾಗಿ ತಿರುಗಿದರೆ ನೀರು ಹೆಚ್ಚು ತಣ್ಣಗಾಗಿ ಚಿಲ್ಲರ್‌ನ (ನೀರನ್ನು ಇನ್ನಷ್ಟು ತಣಿಸುವ ಶೈತ್ಯಯಂತ್ರದ) ಕೆಲಸ ಹಗುರವಾಗುತ್ತದೆ. ಆದರೆ ಫ್ಯಾನ್ ಬಳಸುವ ವಿದ್ಯುತ್ತು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇ. 80ಕ್ಕೆ ಇಳಿಸಿದರೆ ಅದರ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಪಂಪುಗಳದ್ದೂ ಬಹುಮಟ್ಟಿಗೆ ಇದೇ ಕಥೆ. ಇದರ ಮೇಲೆ ಹವಾಮಾನ: ಮಣ್ಣಿನ ಮಡಕೆಯ ನೀರು ಒಣ ಬೇಸಿಗೆಯಲ್ಲಿ ಚೆನ್ನಾಗಿ ತಂಪಾಗಿ, ಮಳೆಗಾಲದ ತೇವದಲ್ಲಿ ಅಷ್ಟು ತಂಪಾಗದಂತೆಯೇ ಕೂಲಿಂಗ್ ಟವರ್ ಕೂಡ ಗಾಳಿಯ ತೇವಾಂಶಕ್ಕೆ ಬದ್ಧ. ಹೀಗೆ ಅತಿ ಕಡಿಮೆ ಖರ್ಚಿನ ಬಿಂದು ಗಂಟೆಗಂಟೆಗೂ ಜಾಗ ಬದಲಿಸುತ್ತದೆ. ಎಲ್ಲ ಸಂದರ್ಭಗಳಿಗೂ ಮೊದಲೇ ನಿಯಮ ಬರೆದಿಡುವುದು ಮನುಷ್ಯರಿಂದ ಆಗದ ಕೆಲಸ.

2014ರಲ್ಲಿ ಗೂಗಲ್‌ನ ಎಂಜಿನಿಯರ್ ಜಿಮ್ ಗಾವ್ ಇದಕ್ಕೆ ನ್ಯೂರಲ್ ನೆಟ್‌ವರ್ಕ್ (ದತ್ತಾಂಶದಿಂದ ಕಲಿತು ಊಹಿಸುವ ಲೆಕ್ಕದ ಜಾಲ) ಬಳಸಿದರು. ಐದು ನಿಮಿಷಕ್ಕೊಮ್ಮೆ ದಾಖಲಾದ ಸುಮಾರು ಎರಡು ವರ್ಷಗಳ ದತ್ತಾಂಶ, 19 ಇನ್‌ಪುಟ್‌ಗಳು, ತಲಾ 50 ನೋಡ್‌ಗಳ ಐದು ಒಳಪದರಗಳು, ಔಟ್‌ಪುಟ್ ಪಿಯುಇ. ಇಂದಿನ ಮಾದರಿಗಳ ಮುಂದೆ ಇದು ಪುಟ್ಟದು. ಆದರೂ 1.1ರ ಆಸುಪಾಸಿನ ಪಿಯುಇಯನ್ನು ಸುಮಾರು ಶೇ. 0.4ರ ದೋಷದೊಳಗೆ ಊಹಿಸಿತು. ಆದರೆ ಆ ಮಾದರಿ ಮಾಡಿದ್ದು ಊಹೆ ಮಾತ್ರ, ನಿಯಂತ್ರಣವಲ್ಲ.

ಊಹೆಯಿಂದ ನಿಯಂತ್ರಣಕ್ಕೆ ದಾಟುವ ಹಂತವೇ ನನ್ನ ಮಟ್ಟಿಗೆ ಈ ಪಾಠದ ಜೀವಾಳ. 2016ರ ವ್ಯವಸ್ಥೆಯಲ್ಲಿ ಪಿಯುಇ ಊಹಿಸುವ ಜಾಲಗಳ ಪಕ್ಕದಲ್ಲೇ, ಮುಂದಿನ ಒಂದು ಗಂಟೆಯ ತಾಪ ಮತ್ತು ಒತ್ತಡವನ್ನು ಊಹಿಸುವ ಬೇರೆ ಜಾಲಗಳಿದ್ದವು. ಉಳಿತಾಯದ ಸಲಹೆ ಮಿತಿ ಮೀರುವಂತಿದ್ದರೆ ಇವುಗಳಿಂದ ಮೊದಲೇ ತಿಳಿಯುತ್ತದೆ. ಆಗ ಎಐ ಸಲಹೆ ಕೊಡುತ್ತಿತ್ತು, ಜಾರಿ ಮಾಡುವವರು ಸಿಬ್ಬಂದಿ. 2018ರಲ್ಲಿ ನಿಯಂತ್ರಣವನ್ನೇ ಎಐಗೆ ಒಪ್ಪಿಸಲಾಯಿತು. ಐದು ನಿಮಿಷಕ್ಕೊಮ್ಮೆ ಸಾವಿರಾರು ಸೆನ್ಸರುಗಳ ಮಾಹಿತಿಯನ್ನು ಓದುವುದು, ಹಲವು ಕ್ರಮಗಳ ಫಲವನ್ನು ಅಂದಾಜಿಸುವುದು, ಸುರಕ್ಷಿತವಾದವುಗಳಲ್ಲಿ ಕಡಿಮೆ ಖರ್ಚಿನದನ್ನು ಆರಿಸುವುದು ಅದರ ಕೆಲಸ. ತನ್ನ ಊಹೆಯ ಬಗ್ಗೆ ಮಾದರಿಗೇ ಖಚಿತತೆ ಕಡಿಮೆಯಿದ್ದರೆ ಆ ಕ್ರಮ ಕೈಬಿಟ್ಟಂತೆ. ಆರಿಸಿದ ಕ್ರಮವನ್ನು ಕೇಂದ್ರದ ಸ್ಥಳೀಯ ನಿಯಂತ್ರಣ ವ್ಯವಸ್ಥೆ ಮತ್ತೊಮ್ಮೆ ಪರೀಕ್ಷಿಸುತ್ತದೆ. ಸಿಬ್ಬಂದಿ ಯಾವ ಕ್ಷಣದಲ್ಲಾದರೂ ಎಐಯನ್ನು ಬದಿಗಿಟ್ಟು ಹಳೆಯ ನಿಯಮಗಳಿಗೆ ಮರಳಬಹುದು.

ಆರಂಭದಲ್ಲಿ ಸುಮಾರು ಶೇ. 12 ಇದ್ದ ಉಳಿತಾಯ ತಿಂಗಳುಗಳಲ್ಲಿ ಶೇ. 30ರ ಹತ್ತಿರಕ್ಕೆ ಏರಿತು. ಚಳಿಗಾಲದ ಅನುಕೂಲ ಬಳಸಿ ಎಂದಿಗಿಂತ ತಣ್ಣನೆಯ ನೀರು ಪಡೆಯುವುದನ್ನು ಎಐ ದತ್ತಾಂಶದಿಂದ ತಾನೇ ಕಲಿಯಿತು. ಇದನ್ನು 2016ರ ಶೇ. 40ರ ಪಕ್ಕ ಇಟ್ಟು ಇಳಿಕೆಯೆಂದು ಓದಬೇಡಿ. ಸುರಕ್ಷತೆಗಾಗಿ ಎಐ ಆಡಬಹುದಾದ ಮಿತಿಯನ್ನು ಎಂಜಿನಿಯರುಗಳು ಬೇಕೆಂದೇ ಕಿರಿದಾಗಿಸಿದ್ದರು.

ಪರೀಕ್ಷೆಗೆ ಓದುವವರು ಇನ್ನೊಂದನ್ನು ಗುರುತು ಹಾಕಿಕೊಳ್ಳಿ. ಮಾದರಿಗೆ ಪಿಯುಇಯೊಂದನ್ನೇ ಗುರಿಯಾಗಿ ಕೊಡುವುದು ಅಪಾಯ. ಸರ್ವರ್ ಒಳಗಿನ ಫ್ಯಾನುಗಳ ಖರ್ಚು ಕಂಪ್ಯೂಟರ್ ಉಪಕರಣಗಳ ಲೆಕ್ಕಕ್ಕೇ ಸೇರುತ್ತದೆ. ಕೋಣೆಯ ತಾಪ ಏರಲು ಬಿಟ್ಟರೆ ಚಿಲ್ಲರ್ ಖರ್ಚು ಇಳಿಯುತ್ತದೆ, ಆ ಪುಟ್ಟ ಫ್ಯಾನುಗಳ ಖರ್ಚು ಏರುತ್ತದೆ. ಮೇಲಿನ ಉದಾಹರಣೆಯಲ್ಲಿ ಹೆಚ್ಚುವರಿ ಹೊರೆ 1ರಿಂದ 0.8 ಮೆಗಾವ್ಯಾಟ್‌ಗೆ ಇಳಿದು, ಸರ್ವರುಗಳದ್ದು 10ರಿಂದ 10.3ಕ್ಕೆ ಏರಿತೆನ್ನಿ. ಪಿಯುಇ 1.1ರಿಂದ ಸುಮಾರು 1.08ಕ್ಕೆ ಸುಧಾರಿಸುತ್ತದೆ, ಒಟ್ಟು ಬಳಕೆ ಮಾತ್ರ 11ರಿಂದ 11.1 ಮೆಗಾವ್ಯಾಟ್‌ಗೆ ಹೆಚ್ಚುತ್ತದೆ.