ಸಿಂಗಲ್ ಯೂಸರ್ ಲೈಸೆನ್ಸ್: ವ್ಯಕ್ತಿಗೋ, ಯಂತ್ರಕ್ಕೋ?

ವೈಜ್ಞಾನಿಕ ತಂತ್ರಾಂಶದ ಕೊಟೇಶನ್‌ನಲ್ಲಿ ‘ಸಿಂಗಲ್ ಯೂಸರ್’ ಎಂದಿದ್ದರೆ ಅದಕ್ಕೆ ಎರಡು ಅರ್ಥ ಇರಬಹುದು. ಒಂದು, ವ್ಯಕ್ತಿಗೆ ಕಟ್ಟಿದ ನೇಮ್ಡ್ ಯೂಸರ್ ಲೈಸೆನ್ಸ್. ಇದರಲ್ಲಿ ಹೆಸರು ನೋಂದಾಯಿಸಿದವರಷ್ಟೇ ತಂತ್ರಾಂಶ ಬಳಸಬೇಕು. ಇನ್ನೊಂದು, ಯಂತ್ರಕ್ಕೆ ಕಟ್ಟಿದ ನೋಡ್-ಲಾಕ್ಡ್ ಲೈಸೆನ್ಸ್. ಇದರಲ್ಲಿ ಆ ಕಂಪ್ಯೂಟರಿನ ಮುಂದೆ ಯಾರು ಬೇಕಾದರೂ ಕೂರಬಹುದು, ಆದರೆ ಒಂದು ಹೊತ್ತಿಗೆ ಒಬ್ಬರೇ. ಗಣಿತ ಲೆಕ್ಕಾಚಾರದ ತಂತ್ರಾಂಶ ಮ್ಯಾಟ್‌ಲ್ಯಾಬ್ ಇವನ್ನು ಕ್ರಮವಾಗಿ ಇಂಡಿವಿಜುವಲ್, ಡೆಸಿಗ್ನೇಟೆಡ್ ಕಂಪ್ಯೂಟರ್ ಎಂದು ಕರೆಯುತ್ತದೆ. ಸಿಮ್ಯುಲೇಶನ್ ತಂತ್ರಾಂಶ ಕಾಮ್ಸಾಲ್‌ನಲ್ಲಿ ಇವು ನೇಮ್ಡ್ ಸಿಂಗಲ್ ಯೂಸರ್ ಮತ್ತು ಸಿಪಿಯು-ಲಾಕ್ಡ್ ಸಿಂಗಲ್ ಯೂಸರ್. ನಾಲ್ಕೈದು ಸಂಶೋಧನಾ ವಿದ್ಯಾರ್ಥಿಗಳು ಸರದಿಯಲ್ಲಿ ಒಂದೇ ವರ್ಕ್‌ಸ್ಟೇಶನ್ ಬಳಸುವ ಲ್ಯಾಬಿಗೆ ಎರಡನೆಯದೇ ಸರಿ. ಗೈಡ್ ಹೆಸರಿನಲ್ಲಿ ಮೊದಲನೆಯದನ್ನು ಕೊಂಡು ಪಾಸ್‌ವರ್ಡ್ ಹಂಚಿಕೊಂಡರೆ ಕರಾರು ಮುರಿದ ಹಾಗೆ.

ತಂತ್ರಾಂಶಕ್ಕೆ ತನ್ನ ಯಂತ್ರ ಯಾವುದೆಂದು ಹೇಗೆ ಗೊತ್ತಾಗುತ್ತದೆ? ಈ ಕೆಲಸಕ್ಕೆ ಬಹಳಷ್ಟು ಕಂಪನಿಗಳು ಫ್ಲೆಕ್ಸ್‌ನೆಟ್ ಎಂಬ ಲೈಸೆನ್ಸ್ ನಿರ್ವಹಣಾ ತಂತ್ರಾಂಶ ಬಳಸುತ್ತವೆ. ಲೈಸೆನ್ಸ್ ಫೈಲು ಸಾದಾ ಪಠ್ಯ, ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು. ‘ಫೀಚರ್’ ಅಥವಾ ‘ಇನ್‌ಕ್ರಿಮೆಂಟ್’ ಎಂದು ಶುರುವಾಗುವ ಸಾಲಿನಲ್ಲಿ ತಂತ್ರಾಂಶದ ಭಾಗದ ಹೆಸರು, ಆವೃತ್ತಿ, ಅವಧಿ ಮುಗಿಯುವ ದಿನ, ಲೈಸೆನ್ಸ್‌ಗಳ ಎಣಿಕೆ, ಹೋಸ್ಟ್‌ಐಡಿ (ಯಂತ್ರದ ಗುರುತು), ಡಿಜಿಟಲ್ ಸಹಿ ಇರುತ್ತವೆ. ಎಣಿಕೆಯ ಜಾಗದಲ್ಲಿ ‘ಅನ್‌ಕೌಂಟೆಡ್’ ಎಂದಿದ್ದರೆ ಬಳಕೆಯನ್ನು ಎಣಿಸುವ ಲೈಸೆನ್ಸ್ ಸರ್ವರ್ ಬೇಕಿಲ್ಲ. ಹೋಸ್ಟ್‌ಐಡಿ ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡಿನ 12 ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸ, ಕೆಲವೊಮ್ಮೆ ಡಿಸ್ಕಿನ ವಾಲ್ಯೂಮ್ ಸೀರಿಯಲ್.

ಹೆಚ್ಚಿನ ತೊಂದರೆ ಹುಟ್ಟುವುದು ಈ ಹೋಸ್ಟ್‌ಐಡಿಯಿಂದ. ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಅಥವಾ ಡಾಕ್ ಚುಚ್ಚಿದಾಗ ಕಂಡ ವಿಳಾಸವನ್ನು ಕಂಪನಿಗೆ ಕಳಿಸಿದ್ದರೆ, ಅದನ್ನು ಕಿತ್ತ ದಿನ ತಂತ್ರಾಂಶ ತೆರೆಯದೆ ದೋಷ -9 (ಹೋಸ್ಟ್‌ಐಡಿ ಹೊಂದುತ್ತಿಲ್ಲ) ತೋರಿಸುತ್ತದೆ. ವೈಫೈನ ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್’ ಆನ್ ಆಗಿದ್ದರೂ ಇದೇ ಪಾಡು. ಆದ್ದರಿಂದ ಮದರ್‌ಬೋರ್ಡಿನಲ್ಲೇ ಕೂತಿರುವ ಈಥರ್‌ನೆಟ್ ಪೋರ್ಟಿನ ವಿಳಾಸವನ್ನೇ ಕೊಡಿ. ವಾಲ್ಯೂಮ್ ಸೀರಿಯಲ್ ಕೊಟ್ಟಿದ್ದರೆ ಡಿಸ್ಕ್ ಫಾರ್ಮ್ಯಾಟ್ ಮಾಡಿದಾಗ ಅದೂ ಬದಲಾಗುತ್ತದೆ.

ಮ್ಯಾಟ್‌ಲ್ಯಾಬ್‌ನ ವ್ಯಕ್ತಿಗತ ಲೈಸೆನ್ಸಿನಲ್ಲಿ -9 ಬರಲು ಬೇರೆ ಕಾರಣವೂ ಉಂಟು: ಆ್ಯಕ್ಟಿವೇಶನ್ ವೇಳೆ ಕೊಟ್ಟ ಹೆಸರಿಗೂ ಕಂಪ್ಯೂಟರಿಗೆ ಲಾಗಿನ್ ಆದ ಹೆಸರಿಗೂ ತಾಳೆಯಾಗದಿರುವುದು. ಫೈಲಿನಲ್ಲಿ ಹೋಸ್ಟ್‌ಐಡಿಯನ್ನು ಕೈಯಾರೆ ತಿದ್ದಿದರೆ ಸಹಿ ಹೊಂದದೆ -8 ಬರುತ್ತದೆ. ಅವಧಿ ಮೀರಿದರೆ -10, ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ್ದರೆ -88. ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ತೆರೆದಾಗ -103 ಬಂದರೆ ತಂತ್ರಾಂಶ ಕೆಟ್ಟಿಲ್ಲ, ಕಂಪನಿ ದೂರದ ಬಳಕೆಗೆ ಒಪ್ಪಿಗೆ ಕೊಟ್ಟಿಲ್ಲ ಅಷ್ಟೆ. ಕೊಳ್ಳುವ ಮುಂಚೆಯೇ ಇದನ್ನು ಕೇಳಿಕೊಳ್ಳಿ. ಯಂತ್ರವನ್ನು ಲ್ಯಾಬಿನಲ್ಲಿಟ್ಟು ಮನೆಯಿಂದ ಕೆಲಸ ಮಾಡುವವರಿಗೆ ಈ ಒಂದು ಷರತ್ತು ತಿಂಗಳುಗಟ್ಟಲೆ ಅಡ್ಡಿಯಾಗಬಲ್ಲದು.

‘ಪರ್ಪೆಚುವಲ್’ ಎಂದರೆ ಕೊಂಡ ಆವೃತ್ತಿಯನ್ನು ಸದಾ ಬಳಸಬಹುದು ಎಂದಷ್ಟೇ. ಹೊಸ ಆವೃತ್ತಿಗೂ ತಾಂತ್ರಿಕ ನೆರವಿಗೂ ಸಾಮಾನ್ಯವಾಗಿ ವರ್ಷ ವರ್ಷ ಮೇಂಟೆನೆನ್ಸ್ ಕಟ್ಟಬೇಕು. ಅಗ್ಗಕ್ಕೆ ಸಿಗುವ ಅಕಾಡೆಮಿಕ್ ಲೈಸೆನ್ಸನ್ನು ಕಾಲೇಜಿನ ಕನ್ಸಲ್ಟೆನ್ಸಿ ಕೆಲಸಕ್ಕೆ ಬಳಸುವಂತಿಲ್ಲ ಎಂಬ ಷರತ್ತೂ ಮಾಮೂಲು.

ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52 ಅವಕಾಶ ಕೊಡುತ್ತದೆ. ನಕಲಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ ಕಲಂ 63ಬಿ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿರದಿದ್ದರೆ ನ್ಯಾಯಾಲಯ ಕಾರಣ ದಾಖಲಿಸಿ ಸೆರೆವಾಸ ಬಿಡಬಹುದು.

ಯಂತ್ರ ಬದಲಿಸುವಾಗ ಮೊದಲು ಹಳೆಯದರಲ್ಲಿ ಡಿಆ್ಯಕ್ಟಿವೇಟ್ ಮಾಡಿ, ಆಮೇಲೆ ಫಾರ್ಮ್ಯಾಟ್ ಮಾಡಿ. ಅನುಕ್ರಮ ತಪ್ಪಿದರೆ ಹಳೆಯ ಯಂತ್ರ ಕಂಪನಿಯ ಲೆಕ್ಕದಲ್ಲಿ ಹಾಗೇ ಉಳಿಯುತ್ತದೆ, ಅದನ್ನು ಬಿಡಿಸಲು ಪತ್ರ ಬರೆದು ಕಾಯಬೇಕು. ವರ್ಷಕ್ಕೆ ಎಷ್ಟು ಸಲ ಯಂತ್ರ ಬದಲಿಸಬಹುದು, ಹೆಸರು ನೋಂದಾಯಿಸಿದ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೋದ ಮೇಲೆ ಬೇರೆಯವರ ಹೆಸರಿಗೆ ವರ್ಗಾಯಿಸಬಹುದೇ ಎಂಬ ಎರಡನ್ನೂ ಖರೀದಿ ಆದೇಶದಲ್ಲೇ ಬರೆಸಿಕೊಳ್ಳಿ.