ಊರಿಗೆ ಹೊರಡುವ ಮೊದಲು ಗುಳಿಗೆ ಎಣಿಸಿಕೊಳ್ಳಿ

ಪುಣೆಯ ವಾಕಡ, ಹಿಂಜವಡಿ ಕಡೆ ಬೆಳಿಗ್ಗೆ ನಾಕಾದಲ್ಲಿ ಕೆಲಸಕ್ಕೆ ಕಾದು ನಿಂತವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರೂ ಇರುತ್ತಾರೆ. ಗೌಂಡಿಗಳು, ಸೆಂಟ್ರಿಂಗ್‌ನವರು, ಬಿಗಾರಿಗಳು. ಇವರಲ್ಲಿ ಯಾರಿಗಾದರೂ ಎಚ್‌ಐವಿ ಎಂದು ಗೊತ್ತಾದರೆ ‘ಪಟ್ಟಣಕ್ಕೆ ಹೋಗಿ ಕೆಟ್ಟ’ ಅನ್ನುವ ಮಾತು ಊರಲ್ಲಿ ಮೊದಲು ಹುಟ್ಟುತ್ತದೆ. ಆ ಮಾತಿಗೆ ಹೆದರಿಯೇ ಎಷ್ಟೋ ಜನ ಪರೀಕ್ಷೆಗೆ ಬರುವುದಿಲ್ಲ. ತಿಂಗಳುಗಟ್ಟಲೆ ಮನೆಯವರನ್ನು ಬಿಟ್ಟಿರುವುದು, ವಾರದ ಪಗಾರ ಕೈಗೆ ಬಂದ ಸಂಜೆಯ ಕುಡಿತ, ಕಾಂಡೋಮ್ ಇಲ್ಲದ ಸಂಬಂಧ, ಭಾಷೆ ಬಾರದ ಆಸ್ಪತ್ರೆಯ ಅಂಜಿಕೆ: ಅಪಾಯ ಇಷ್ಟರಲ್ಲಿದೆ. ಒಂದೇ ಖೋಲಿಯಲ್ಲಿ ಹತ್ತು ಜನ ಮಲಗುವುದರಿಂದ, ಒಂದೇ ತಾಟಿನಲ್ಲಿ ಉಣ್ಣುವುದರಿಂದ, ಸೊಳ್ಳೆಯಿಂದ ಇದು ಬರುವುದಿಲ್ಲ. ಸೋಂಕಿತನ ತಾಟು, ಹಾಸಿಗೆ ಬೇರೆ ಇಡುವುದು ಅವನಿಗೆ ಮಾಡುವ ಅನ್ಯಾಯ, ಅಷ್ಟೇ.

ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಆಪ್ತಸಮಾಲೋಚನೆ, ಪರೀಕ್ಷೆಯ) ಕೇಂದ್ರದಲ್ಲಿ ಉಚಿತ. ಬೆರಳು ಚುಚ್ಚಿ ಮಾಡುವ ಒಂದೇ ಪರೀಕ್ಷೆಯಲ್ಲಿ ‘ಇದೆ’ ಎಂದು ಬಂದರೆ ಅದೇ ಕೊನೆಯ ಮಾತಲ್ಲ; ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿದ ಮೇಲೆಯೇ ಖಚಿತ ಮಾಡುತ್ತಾರೆ. ಸಂಪರ್ಕವಾದ ನಾಲ್ಕೇ ದಿನಕ್ಕೆ ಪರೀಕ್ಷೆ ಮಾಡಿಸಿ ‘ಇಲ್ಲ’ ಎಂದು ನಿರಾಳರಾಗಬೇಡಿ, ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಿ. ಕಾಂಡೋಮ್ ಹರಿದಿದ್ದರೆ ಅಥವಾ ಬೇರೆ ಅಪಾಯ ಆಗಿಹೋಗಿದ್ದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿ, ಸೋಂಕು ತಗಲದಂತೆ ತಡೆಯುವ ಪೆಪ್ ಔಷಧಿ ಕೇಳಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ಮುಕಾದಮನೋ ಗುತ್ತಿಗೆದಾರನೋ ‘ರಕ್ತ ತಪಾಸಣೆ ಮಾಡಿಸಿಕೊಂಡು ಬಾ’ ಎಂದು ಒತ್ತಾಯಿಸುವಂತಿಲ್ಲ. ಒಪ್ಪಿಗೆ ಇಲ್ಲದ ಪರೀಕ್ಷೆಯನ್ನೂ ಎಚ್‌ಐವಿ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನೂ 2017ರ ಎಚ್‌ಐವಿ-ಏಡ್ಸ್ ಕಾಯ್ದೆ ತಡೆಯುತ್ತದೆ.

ಈಗಿನ ಚಿಕಿತ್ಸೆ ದಿನಕ್ಕೆ ಒಂದೇ ಗುಳಿಗೆ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಮೂರೂ ಅದರಲ್ಲೇ ಇವೆ. ಡಬ್ಬಿ ಕಂಡರೆ ಖೋಲಿಯವರಿಗೆ ಗೊತ್ತಾಗುತ್ತದೆ ಎಂದು ಅದನ್ನು ಎಸೆದು, ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ಕಿಸೆಯಲ್ಲಿ ಇಟ್ಟುಕೊಳ್ಳುವವರಿದ್ದಾರೆ. ಡಬ್ಬಿಯೊಳಗೆ ಗಿಲಿಗಿಲಿ ಅನ್ನುವ ಸಣ್ಣ ಪೊಟ್ಟಣ ತೇವ ಹೀರುವುದಕ್ಕೆಂದೇ ಇರುವುದು. ಬೆವರು, ಮಳೆಗೆ ಸಿಕ್ಕ ಗುಳಿಗೆ ಕೆಡುತ್ತದೆ. ಬೇಕಾದರೆ ಹೊರಗಿನ ಲೇಬಲ್ ಕಿತ್ತುಬಿಡಿ, ಡಬ್ಬಿ ಬಿಡಬೇಡಿ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ಅಥವಾ ಎದೆಯುರಿಯ ಔಷಧಿ ತೆಗೆದುಕೊಳ್ಳುವುದಿದ್ದರೆ ಅವಕ್ಕಿಂತ ಎರಡು ಗಂಟೆ ಮೊದಲು ಇದನ್ನು ನುಂಗಿ. ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಆಗ 12 ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇಕಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ನಡೆದಿರುತ್ತದೆ, ಕೆಡುವುದು ಊರಿನ ಬಸ್ಸು ಹತ್ತಿದಾಗ. ಉಗಾದಿಗೆ ಎಂಟು ದಿನಕ್ಕೆಂದು ಹೋದವರನ್ನು ಜಾತ್ರೆ, ತಂಗಿಯ ಮದುವೆ, ಬಿತ್ತನೆ ಎಂದು ಊರು ಎರಡು ತಿಂಗಳು ಹಿಡಿದಿಡುತ್ತದೆ. ಡಬ್ಬಿಯಲ್ಲಿ ಇದ್ದದ್ದು ಹನ್ನೆರಡು ಗುಳಿಗೆ. ಆಮೇಲೆ ಕೆಲವೇ ವಾರಗಳಲ್ಲಿ ವೈರಸ್ ರಕ್ತದಲ್ಲಿ ಮತ್ತೆ ಏರುತ್ತದೆ. ಅಲ್ಲಿಯವರೆಗೆ ಅವನಿಂದ ಹೆಂಡತಿಗೆ ಹರಡದಂತೆ ತಡೆದಿದ್ದು ಆ ಗುಳಿಗೆಯೇ. ಹೆಪಟೈಟಿಸ್ ಬಿ ಕೂಡ ಇದ್ದವರಿಗೆ ಥಟ್ಟನೆ ನಿಲ್ಲಿಸಿದರೆ ಯಕೃತ್ತಿಗೇ ಪೆಟ್ಟು.

ಆದ್ದರಿಂದ ಹೊರಡುವ ವಾರ ಗುಳಿಗೆ ಎಣಿಸಿ. ಊರಲ್ಲಿ ಇರುವ ದಿನಗಳಿಗೆ ಹದಿನೈದು ಸೇರಿಸಿ, ಅಷ್ಟು ಇಲ್ಲದಿದ್ದರೆ ಈ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಹಾಗೆಯೇ ಹೇಳಿ ಕೇಳಿ. ಚಿಕಿತ್ಸೆಯ ವಿವರ ಬರೆದ ಹಸಿರು ಪುಸ್ತಕ ಚೀಲದಲ್ಲಿರಲಿ, ಪುಟಗಳ ಫೋಟೊ ಮೊಬೈಲ್‌ನಲ್ಲೂ ಇರಲಿ. ಪುಸ್ತಕ ತೋರಿಸಿದರೆ ಬೇರೆ ಊರಿನ ಕೇಂದ್ರದಲ್ಲೂ ಗುಳಿಗೆ ಸಿಗುತ್ತದೆ. ಊರಲ್ಲೇ ಉಳಿಯುವ ವಿಚಾರವಿದ್ದರೆ ವರ್ಗಾವಣೆ ಪತ್ರ ಬರೆಸಿಕೊಳ್ಳಿ. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಮರುದಿನ ಎರಡು ನುಂಗಬೇಡಿ. ಹತ್ತಿರದ ಕೇಂದ್ರ ಎಲ್ಲಿದೆ ಎಂದು 1097ಕ್ಕೆ ಫೋನ್ ಮಾಡಿ ಕೇಳಬಹುದು, ಆ ಕರೆಗೆ ದುಡ್ಡಿಲ್ಲ.

ಸೋಂಕಿರುವ ಬಸುರಿಯರ ವಿಚಾರ ಇನ್ನೂ ಸೂಕ್ಷ್ಮ. ಪುಣೆಯಲ್ಲಿ ಹೆಸರು ನೋಂದಾಯಿಸಿದ ಹುಡುಗಿ ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾಳೆ, ಬಾಣಂತನ ಅಲ್ಲೇ. ಮಗು ಹುಟ್ಟಿದ ಕೂಡಲೇ, ಅದಕ್ಕೆ ಸೋಂಕು ದಾಟದಂತೆ ತಡೆಯುವ ನೆವಿರಾಪಿನ್ ಹನಿ ಶುರುವಾಗಬೇಕು, ಆರನೇ ವಾರಕ್ಕೆ ಪರೀಕ್ಷೆಗೆಂದು ಮಗುವಿನ ಹಿಮ್ಮಡಿ ಚುಚ್ಚಿ ಒಣ ಕಾಗದದ ಮೇಲೆ ರಕ್ತದ ಹನಿ ತೆಗೆಯಬೇಕು. ಇವೆರಡೂ ತವರಿನ ಆಸ್ಪತ್ರೆಯಲ್ಲೇ ಆಗಬೇಕಾದವು. ಹೆರಿಗೆ ಮಾಡಿಸುವವರಿಗೆ ಅವಳ ವಿಚಾರ ಗೊತ್ತೇ ಇಲ್ಲದಿದ್ದರೆ ಎರಡೂ ತಪ್ಪುತ್ತವೆ. ಹಾಗಾಗಿ ಹೊರಡುವ ಮೊದಲೇ ಇಲ್ಲಿನ ಆಪ್ತಸಮಾಲೋಚಕರ ಹತ್ತಿರ ಪತ್ರ ಬರೆಸಿಕೊಂಡು, ತವರು ಮುಟ್ಟಿದ ವಾರದಲ್ಲೇ ಅಲ್ಲಿನ ಐಸಿಟಿಸಿಗೆ ಕೊಡಬೇಕು. ತಾಯಿ ಗುಳಿಗೆ ಬಿಡದೆ ನುಂಗುತ್ತ ಆರು ತಿಂಗಳು ಎದೆಹಾಲನ್ನಷ್ಟೇ ಕುಡಿಸಲಿ. ನಡುವೆ ಜೇನು, ಬಜೆ, ಆಕಳ ಹಾಲು ಕೊಡಬಾರದೆಂದು ಅಜ್ಜಿಗೂ ಹೇಳಿ. ಮಗುವಿನ ಕೊನೆಯ ಪರೀಕ್ಷೆ 18 ತಿಂಗಳಿಗೆ; ಆ ಹೊತ್ತಿಗೆ ಸಂಸಾರ ಮತ್ತೆ ಪುಣೆಗೆ ಬಂದಿರುತ್ತದೆ, ತವರಿನ ಆಸ್ಪತ್ರೆಯ ಕಾಗದಗಳನ್ನೂ ತಪ್ಪದೆ ಜೊತೆಗೆ ತರಬೇಕು.