ಅಮೆರಿಕದ ಉದ್ಯೋಗ ಸಮಾನತೆ: ಸಹಿಯ ಮೇಲೆ ನಿಂತ ಹಕ್ಕುಗಳು

2025ರ ಜನವರಿ 21ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 11246ನೇ ಕಾರ್ಯಾದೇಶವನ್ನು ರದ್ದುಗೊಳಿಸಿದರು. ಸರ್ಕಾರಿ ಗುತ್ತಿಗೆ ಪಡೆಯುವ ಕಂಪನಿಗಳು ಜನಾಂಗದ ಆಧಾರದಲ್ಲಿ ಭೇದ ಎಣಿಸಬಾರದು, ಸಮಾನ ಅವಕಾಶಕ್ಕಾಗಿ ತಾವೇ ಮುಂದಾಗಿ ಕ್ರಮ ಕೈಗೊಳ್ಳಬೇಕು ಎಂದು 1965ರಲ್ಲಿ ಲಿಂಡನ್ ಜಾನ್ಸನ್ ಹೊರಡಿಸಿದ್ದ ಆದೇಶವದು. ಅದನ್ನು ತೆಗೆದುಹಾಕಲು ಸಂಸತ್ತಿನಲ್ಲಿ ಚರ್ಚೆಯಾಗಲಿ ಮತದಾನವಾಗಲಿ ಬೇಕಾಗಲಿಲ್ಲ. ಅಧ್ಯಕ್ಷರ ಸಹಿಯಿಂದ ಬಂದದ್ದು ಅಧ್ಯಕ್ಷರ ಸಹಿಯಿಂದಲೇ ಹೋಯಿತು.

ಸಮಾನತೆ ಹೀಗೆ ಸಹಿಯನ್ನು ನೆಚ್ಚಿಕೊಳ್ಳಬೇಕಾಗಿ ಬಂದದ್ದಕ್ಕೆ ಕಾರಣವಿದೆ. 1913ರಲ್ಲಿ ವುಡ್ರೊ ವಿಲ್ಸನ್ ಆಡಳಿತವು ಅಂಚೆ ಮತ್ತು ಖಜಾನೆ ಇಲಾಖೆಗಳಲ್ಲಿ ಕಪ್ಪು ವರ್ಣೀಯ ನೌಕರರನ್ನು ಬಿಳಿಯರಿಂದ ಬೇರ್ಪಡಿಸತೊಡಗಿತು. ಮರುವರ್ಷ ಸರ್ಕಾರಿ ನೌಕರಿಯ ಅರ್ಜಿಗೆ ಭಾವಚಿತ್ರವೂ ಕಡ್ಡಾಯವಾಯಿತು. 1941ರಲ್ಲಿ ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ 'ವಾಷಿಂಗ್ಟನ್ ಚಲೋ' ನಡೆಸುವುದಾಗಿ ಎಚ್ಚರಿಸಿದ ಮೇಲಷ್ಟೇ ಅಧ್ಯಕ್ಷ ರೂಸ್‌ವೆಲ್ಟ್ ರಕ್ಷಣಾ ಕಾರ್ಖಾನೆಗಳಲ್ಲಿ ತಾರತಮ್ಯ ನಿಷೇಧಿಸಿ, ಮೇಲ್ವಿಚಾರಣೆಗೊಂದು ಸಮಿತಿ ರಚಿಸಿದರು. ಅದನ್ನು ಕಾಯಂಗೊಳಿಸುವ ಮಸೂದೆಯನ್ನು 1946ರಲ್ಲಿ ದಕ್ಷಿಣದ ಸೆನೆಟರ್‌ಗಳು ಮತದಾನಕ್ಕೆ ಬರದಂತೆ ದಿನಗಟ್ಟಲೆ ಭಾಷಣ ಮುಂದುವರಿಸಿ, ಭಾಷಣ ಮುಗಿಸದೆಯೇ ಮುಗಿಸಿಬಿಟ್ಟರು. ಆ ಸೆನೆಟರ್‌ಗಳು ಆಯ್ಕೆಯಾಗಿ ಬಂದಿದ್ದ ರಾಜ್ಯಗಳಲ್ಲಿ ಬಹುಪಾಲು ಕಪ್ಪು ವರ್ಣೀಯರಿಗೆ ಮತ ಹಾಕಲು ಬಿಡುತ್ತಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಕೆಲಸ ಕೊಡದಿರುವುದೂ ಮತ ಕೊಡದಿರುವುದೂ ಒಂದೇ ವ್ಯವಸ್ಥೆಯ ಭಾಗಗಳಾಗಿದ್ದವು.

1964ರಲ್ಲಿ ಸೆನೆಟ್‌ನ ಅಂಥದ್ದೇ ದೀರ್ಘ ತಡೆಯನ್ನು ದಾಟಿ ನಾಗರಿಕ ಹಕ್ಕುಗಳ ಕಾಯ್ದೆ ಬಂದಿತು. ಅದರ ಉದ್ಯೋಗ ಸಂಬಂಧಿ ಅಧ್ಯಾಯ ಜಾರಿಯಾದದ್ದು 1965ರ ಜುಲೈ 2ರಂದು. ಉತ್ತರ ಕೆರೊಲಿನಾದ ಡ್ಯೂಕ್ ಪವರ್ ಕಂಪನಿಯ ಡ್ಯಾನ್ ರಿವರ್ ವಿದ್ಯುತ್ ಸ್ಥಾವರದಲ್ಲಿ ಅಲ್ಲಿಯವರೆಗೆ ಕಪ್ಪು ವರ್ಣೀಯರಿಗೆ ಕೂಲಿ ವಿಭಾಗದಲ್ಲಿ ಮಾತ್ರ ಕೆಲಸವಿತ್ತು. ಆ ವಿಭಾಗದ ಗರಿಷ್ಠ ಸಂಬಳ ಉಳಿದ ವಿಭಾಗಗಳ ಕನಿಷ್ಠ ಸಂಬಳಕ್ಕಿಂತಲೂ ಕಡಿಮೆಯಿತ್ತು. ಕಾನೂನು ಜಾರಿಯಾದ ಅದೇ ದಿನ ಕಂಪನಿಯು ಉಳಿದ ವಿಭಾಗಗಳಿಗೆ ಹೊಸದಾಗಿ ಸೇರುವವರು ಪ್ರೌಢಶಾಲಾ ಪ್ರಮಾಣಪತ್ರದ ಜೊತೆಗೆ ಎರಡು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಬೇಕೆಂದು ನಿಯಮ ಮಾಡಿತು. ನಿಯಮದಲ್ಲಿ ಬಣ್ಣದ ಪ್ರಸ್ತಾಪವೇ ಇರಲಿಲ್ಲ. ಆದರೆ ಪ್ರಮಾಣಪತ್ರವಿಲ್ಲದ ಹಳೆಯ ಬಿಳಿಯ ಕೆಲಸಗಾರರು ಅದೇ ಕೆಲಸಗಳನ್ನು ಚೆನ್ನಾಗಿಯೇ ಮಾಡಿಕೊಂಡಿದ್ದರು. ಹದಿಮೂರು ಮಂದಿ ಕಪ್ಪು ಕಾರ್ಮಿಕರು ದಾವೆ ಹೂಡಿದರು. ಕೆಲಸಕ್ಕೆ ಸಂಬಂಧವಿಲ್ಲದ ಅರ್ಹತೆಯೊಂದು ಒಂದು ಜನಾಂಗವನ್ನು ಹೊರಗಿಡುವುದಾದರೆ, ಮಾಲೀಕರ ಉದ್ದೇಶ ಏನೇ ಇದ್ದರೂ ಅದು ತಾರತಮ್ಯವೇ ಎಂದು 1971ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪಿತ್ತಿತು.

2025ರ ಏಪ್ರಿಲ್‌ನಲ್ಲಿ ಟ್ರಂಪ್ ಆಡಳಿತವು ಇದೇ ತತ್ವದ ಜಾರಿಯನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸುವಂತೆ ಇಲಾಖೆಗಳಿಗೆ ಸೂಚಿಸಿತು. ಅದಕ್ಕೂ ಮೊದಲೇ, ಜನವರಿ ಕೊನೆಯಲ್ಲಿ, ಈ ಕಾಯ್ದೆಯ ಉದ್ಯೋಗ ಅಧ್ಯಾಯವನ್ನು ಜಾರಿಗೊಳಿಸುವ ಐವರು ಸದಸ್ಯರ ಸಮಾನ ಉದ್ಯೋಗಾವಕಾಶ ಆಯೋಗದಿಂದ ಇಬ್ಬರನ್ನು ಅವಧಿ ಮುಗಿಯುವ ಮುನ್ನವೇ ತೆಗೆದುಹಾಕಲಾಗಿತ್ತು. ಕೋರಂ, ಅಂದರೆ ತೀರ್ಮಾನಕ್ಕೆ ಬೇಕಾದ ಕನಿಷ್ಠ ಸದಸ್ಯಬಲ, ಇಲ್ಲದೆ ಆಯೋಗಕ್ಕೆ ತಿಂಗಳುಗಟ್ಟಲೆ ಪ್ರಮುಖ ತೀರ್ಮಾನಗಳನ್ನು ಕೈಗೊಳ್ಳಲಾಗಲಿಲ್ಲ. ಕಾಯ್ದೆಯ ಒಂದಕ್ಷರವೂ ಬದಲಾಗಲಿಲ್ಲ ಎಂಬುದೇ ಈ ವಿಧಾನದ ಜಾಣತನ.

ಆಗಸ್ಟ್ 1ರಂದು ಉದ್ಯೋಗ ವರದಿ ನಿರಾಶಾದಾಯಕವಾಗಿ ಬಂದ ದಿನವೇ, ಅಂಕಿಗಳನ್ನು ತಿರುಚಲಾಗಿದೆಯೆಂದು ಪುರಾವೆ ನೀಡದೆ ಆರೋಪಿಸಿದ ಅಧ್ಯಕ್ಷರು ಕಾರ್ಮಿಕ ಅಂಕಿಅಂಶ ಬ್ಯೂರೊದ ಮುಖ್ಯಸ್ಥೆಯನ್ನು ವಜಾ ಮಾಡಿದರು. ಅದೇ ಬ್ಯೂರೊ ಪ್ರಕಟಿಸಿದ ಆಗಸ್ಟ್ ತಿಂಗಳ ಲೆಕ್ಕದಲ್ಲಿ ಬಿಳಿಯರ ನಿರುದ್ಯೋಗ ಶೇ 3.7 ಇದ್ದರೆ, ಕಪ್ಪು ವರ್ಣೀಯರದ್ದು ಶೇ 7.5 ಇತ್ತು.